ಸೆಪ್ಟೆಂಬರ್ ಹದಿನೇಳರ ರಜೆ

"ಎಲ್ಲಿದ್ದೀಯಾ ಮಗಾ? ಟೆಸ್ಟ್ ಶುರುವಾಗೋಯ್ತು!"

ಫೋನಿನಲ್ಲಿ ಕಿರುಚಿದವಳು ಫರೀನ್, ನನ್ನ ಕ್ಲಾಸಿನವಳು. ಇಲ್ಲಿ ಹುಡುಗಿಯರೂ ಒಬ್ಬರನ್ನೊಬ್ಬರು ಮಗಾ ಎನ್ನುತ್ತಾರೆ. ಅಕ್ಕ-ಭಾವ ಬಾಡಿಗೆಗಿರುವ ಮರ್ಫಿ ಟೌನಿನ ಕೋಣೆಯಲ್ಲಿ ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಹಬ್ಬದ ಸಿಹಿಗೆಂದು ಸಜ್ಜಕ ಕುದಿಸುತ್ತಿದ್ದೆ.

"ಇವತ್ತೆಂಥಾ ಟೆಸ್ಟ್? ಹದಿನೇಳು ತಾರೀಖ್ ಅದ ಅಲಾ!"

"ಹದಿನೇಳಾದ್ರೆ ಏನಿವಾಗ?"

ನಮ್ಮೂರು ಯಾದಗಿರಿಯಲ್ಲಿ ಸೆಪ್ಟೆಂಬರ್ ಹದಿನೇಳೆಂದರೆ ಧ್ವಜ ಏರಿಸಿ, ಲಾಡು ಕೊಟ್ಟು, ಮಕ್ಕಳನ್ನು ಮನೆಗೆ ಕಳಿಸುವ ದಿನ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ನಾವು ವರ್ಷಕ್ಕಿಂತ ಹೆಚ್ಚು ಕಾಲ ನಿಜಾಮನ ಕೈಯಲ್ಲೇ ಇದ್ದೆವು. ಬಿಡುಗಡೆಯಾದದ್ದು ಆ ದಿನ. ಇಡೀ ಕರ್ನಾಟಕಕ್ಕೇ ರಜೆ, ಟೆಸ್ಟೂ ಮುಂದೆ ಹೋಗುತ್ತದೆಂದು ತಿಳಿದಿದ್ದೆ. ಅದೂ ಇತಿಹಾಸ ಓದುವವಳು!

ಮರುದಿನ ಇತಿಹಾಸದ ಸೆಲ್ವಿ ಮೇಡಂ ಎದುರು ನಿಂತೆ. ಹಲಸೂರಿನಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ನಮಗೆ ಪಾಠ ಕನ್ನಡದಲ್ಲಿ. ಇಂಟರ್ನಲ್ಸ್, ಅಂದರೆ ಕಾಲೇಜಿನವರೇ ಕೊಡುವ ಅಂಕ, ಸಿಗದಿದ್ದರೆ ಈ ವಿಷಯ ಹೋದಂತೆಯೇ. ಫೇಲಾದರೆ ಊರಿಗೆ ವಾಪಸ್ ಎಂದು ಭಾವ ಮೊದಲೇ ಹೇಳಿಬಿಟ್ಟಿದ್ದರು. ನನ್ನ ಕಾರಣ ಕೇಳಿ ಮೇಡಂ ಕನ್ನಡಕ ತೆಗೆದರು.

"ನಿಜ ಹೇಳ್ತೀನಮ್ಮ, ಇಷ್ಟು ವರ್ಷ ಪಾಠ ಮಾಡಿದೀನಿ, ಈ ರಜಾ ನಂಗೆ ಹೊಳೀಲೇ ಇಲ್ಲ. ಸೋಮವಾರ ಬಾ, ಬರೆಸ್ತೀನಿ. ಪಾಯಿಂಟ್ ಉರು ಹೊಡ್ಕೊಂಡು ಬರ್ಬೇಡ. ಪ್ರಬಂಧದಲ್ಲಿ ವಾದ ಇರ್ಬೇಕು."

ವಾದವಂತೆ! ನಮ್ಮ ಕಡೆ ಉತ್ತರವೆಂದರೆ ಬಾಯಿಪಾಠ. ಇಲ್ಲಿ ನೀನೇನಂತೀಯ, ಯಾಕೆ ಎಂದು ಕೇಳುತ್ತಾರೆ. ಕಾಲೇಜು ಮುಗಿಸಿ, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಲ್ಲಿ ಗಿರಾಕಿಗಳಿಗೆ ಚೂಡಿದಾರ ಹರವಿ ತೋರಿಸಿ ಮತ್ತೆ ಮಡಚಿಡುವಷ್ಟರಲ್ಲಿ, ಯಾರು ಏನೆಂದರೂ ಹೌದೆನ್ನುವಷ್ಟು ಸುಸ್ತು. ಬಸ್ಸಿನ ಕಂಬಿ ಹಿಡಿದು ಟೆಸ್ಟಿಗಿದ್ದ ಮೈಸೂರು ದಿವಾನರ ಸುಧಾರಣೆ ಓದಿದೆ: ಕೆರೆ, ರೈಲು, ವಿದ್ಯುತ್ತು, ಶಾಲೆ. ಅಕ್ಕ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಅದನ್ನೇ ವಾದವಾಗಿ ಬರೆದು ನೋಡಿದೆ. "ಏನಮ್ಮ ದಿನಾ ಟಪಟಪ" ಎಂದು ಕೆಳಗಿನ ಮನೆಯ ಆಂಟಿ ಗೊಣಗಿದರು.

ಸೋಮವಾರ ಮೇಡಂ ಎರಡು ಪ್ರಶ್ನೆ ಕೊಟ್ಟು ಒಂದನ್ನು ಬರೆಯೆಂದರು. ಮೊದಲನೆಯದು ಮೈಸೂರಿನ ಸುಧಾರಣೆ. ಎರಡನೆಯದು, ಹೈದರಾಬಾದ್ ಕರ್ನಾಟಕದ ಬಿಡುಗಡೆ ತಡವಾದದ್ದೇಕೆ? ನಮ್ಮದೇ ಕಥೆ! ನಿಜಾಮನ ಕಡೆಯ ರಜಾಕಾರರ ಹಾವಳಿಗೆ ಹೆದರಿ ನಮ್ಮ ಮುತ್ತಜ್ಜಿ ಕೂಸನ್ನು ಅವಚಿಕೊಂಡು ಜೋಳದ ಹೊಲದಲ್ಲಿ ಅಡಗಿದ್ದಳೆಂದು ಅಪ್ಪ ಪ್ರತಿ ವರ್ಷ ಹೇಳುತ್ತಾರೆ. ಆದರೆ ಯಾಕೆ ತಡವಾಯಿತು? ಅದು ನನಗೆ ಗೊತ್ತೇ ಇರಲಿಲ್ಲ. ಹಾಳೆಯ ಮೇಲೆ ಎರಡೆಂದು ಬರೆದು ಹೊಡೆದುಹಾಕಿದೆ. ಆಮೇಲೆ ಮೈಸೂರು ಬರೆದೆ.

ಹತ್ತಕ್ಕೆ ಎಂಟು ಬಂತು. "ಆ ಎರಡನೇದು ನಿನಗೋಸ್ಕರಾನೇ ಹಾಕಿದ್ದೆ ಕಣಮ್ಮ. ನಾನೂ ಕೂತು ಓದ್ಕೊಂಡಿದ್ದೆ" ಎಂದರು ಮೇಡಂ.

ಸಂಜೆ ಅಪ್ಪ ಫೋನ್ ಮಾಡಿದರು.

"ಪಾಸಾದೇನ್ ಯವ್ವಾ? ನಮ್ ಕಡೀದು ಏನರ ಕೇಳಿದ್ರೇನು?"

"ಕೇಳಿದ್ರಪ್ಪ."

"ಮತ್ತ್ ನಿಂಗೇನ್ ಬಿಡು, ನಮ್ಮನಿ ಕಥಿನೇ ಅದ!"

ಹೂಂ ಎಂದೆ. ಇಲ್ಲಿ ಉಳಿಯಲು ನಮ್ಮೂರನ್ನೇ ಬಿಟ್ಟು ಬರೆದೆನೆಂದು ಅಪ್ಪನಿಗೆ ಹೇಗೆ ಹೇಳಲಿ?