ಹೊರಗುಳಿದ ಶಿಫಾರಸು ಪತ್ರ

ವಿಶ್ವವಿದ್ಯಾಲಯದ ವಿದೇಶ ವ್ಯಾಸಂಗ ವಿಭಾಗದಲ್ಲಿ ಎಲ್ಲರ ಬಾಯಲ್ಲೂ ಅವಳು ಸೀಲಕ್ಕ. ಹೊರದೇಶಕ್ಕೆ ಓದಲು, ಸಂಶೋಧನೆಗೆ ಹೋಗುವ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳನ್ನು ಲಕೋಟೆಗೆ ತುಂಬಿ, ಅಂಟಿಸಿ, ಅಂಟಿನ ಮೇಲೆ ಸೀಲು ಒತ್ತುವುದು ಇಪ್ಪತ್ತಾರು ವರ್ಷದಿಂದ ಅವಳ ಕೆಲಸ. ಸೀಲು ಬಿದ್ದ ಲಕೋಟೆ ಒಡೆದರೆ ಹೊಸದಕ್ಕೆ ಕುಲಸಚಿವರ ಸಹಿ ಬೇಕು. ಆ ಮಹಾಶಯರೋ, ತಪ್ಪು ಮಾಡಿದವರನ್ನು ನಾಲ್ಕು ಜನರ ಮುಂದೆ ನೀರಿಳಿಸದೆ ಬಿಟ್ಟವರೇ ಅಲ್ಲ!

ಅಂದು ಕೊನೆಯ ದಿನ. ನಾಲ್ಕು ಗಂಟೆಗೆ ಟಪಾಲಿನ ವ್ಯಾನು ಬರಬೇಕು. ಮೂರಕ್ಕೆ ಹನ್ನೊಂದನೆಯ ಲಕೋಟೆಗೂ ಸೀಲು ಒತ್ತಿ, ಅಬ್ಬಾ ಎಂದು ಮೇಜಿನ ಮೇಲಿನ ಫೈಲು ಸರಿಸಿದರೆ ಕೆಳಗೊಂದು ಕಾಗದ. ಜೇನ್ನೊಣಗಳ ಮೇಲೆ ಸಂಶೋಧನೆ ಮಾಡುವ ಹುಡುಗಿಯ ಶಿಫಾರಸು ಪತ್ರ. ಆ ಪತ್ರವಿಲ್ಲದ ಅರ್ಜಿಯನ್ನು ಹೊರದೇಶದಲ್ಲಿ ಯಾರೂ ಓದುವುದು ಕೂಡ ಇಲ್ಲ.

ಹುಡುಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. “ವ್ಯಾನ್ ಹೋಗೋದನ್ನ ಕಣ್ಣಾರೆ ನೋಡ್ಕೊಂಡೇ ಹೋಗ್ತೀನಿ ಅಕ್ಕ” ಎಂದಿದ್ದಳು.

ಸೀಲಕ್ಕ ಹೆದರಲು ಇನ್ನೊಂದು ಕಾರಣವಿತ್ತು. ಆರು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಇನ್ನೊಬ್ಬ ಹುಡುಗನ ಪತ್ರ ಹೀಗೇ ಉಳಿದಿತ್ತು. ಆಗ ಸೀಲಕ್ಕ ಏನು ಮಾಡಿದಳು? ಕುಲಸಚಿವರ ಮುಖ ನೆನೆದು ನಡುಗಿ, ಪತ್ರವನ್ನು ಹರಿದು ಬುಟ್ಟಿಗೆ ಹಾಕಿ, ಲಕೋಟೆಯನ್ನು ಹಾಗೇ ವ್ಯಾನು ಹತ್ತಿಸಿದಳು. ಅರ್ಜಿ ತಿರಸ್ಕಾರವಾಯಿತು. ಹುಡುಗ ಓದು ಬಿಟ್ಟು ಗೇಟಿನೆದುರು ಜೆರಾಕ್ಸ್ ಅಂಗಡಿ ಇಟ್ಟ. ಅವಳನ್ನು ಕಂಡರೆ ಈಗಲೂ ತನ್ನ ಸ್ಟೂಲು ಬಿಟ್ಟು ಎದ್ದು, “ಕೂತ್ಕೊಳ್ಳಿ ಅಕ್ಕ” ಎನ್ನುತ್ತಾನೆ. ಆ ಸ್ಟೂಲಿನ ಮೇಲೆ ಅವಳು ಒಂದು ದಿನವೂ ನೆಮ್ಮದಿಯಿಂದ ಕೂತವಳಲ್ಲ.

ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು. ಈ ಸಲವೂ ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ನಿವೃತ್ತಿಗೆ ಉಳಿದಿರುವುದು ಎರಡೇ ವರ್ಷ. ಬೆಂಚಿನ ಕಡೆ ಇಣುಕಿದಳು. ಹುಡುಗಿ ಬಾಗಿಲನ್ನೇ ನೋಡುತ್ತಿದ್ದಳು. ಸೀಲಕ್ಕ ಕಣ್ಣು ಮುಚ್ಚಿ ಲಕೋಟೆಯನ್ನು ಚರ್ರೆಂದು ಹರಿದಳು.

ಅವಳು ಮುಂದಿಟ್ಟ ಹರಿದ ಲಕೋಟೆ ಕಂಡು ಕುಲಸಚಿವರು ತಲೆಯೆತ್ತಿ, “ಯಾರು ಹರಿದದ್ದು?” ಎಂದರು.

“ನಾನೇ ಸಾರ್. ತಪ್ಪು ನಂದೇ.”

“ತಲೆ ಎಲ್ಲಿಟ್ಟಿರ್ತೀರಿ? ಬರೆದು ಕೊಡಿ. ಎರಡು ಪ್ರತಿ. ನಿಮ್ಮ ವಿಚಾರ ಆಮೇಲೆ ನೋಡ್ಕೊಳ್ತೀನಿ.” ಬೈಯುತ್ತಲೇ ಹೊಸ ಲಕೋಟೆಗೆ ಸಹಿ ಹಾಕಿದರು. ವ್ಯಾನು ಹೊರಟಾಗ ಹುಡುಗಿ ಕೈಬೀಸಿದಳು, ಪಾಪ, ವ್ಯಾನಿಗೆ!

ತಪ್ಪೊಪ್ಪಿಗೆಯ ಕಾಗದ ಹಿಡಿದು ಸೀಲಕ್ಕ ಗೇಟು ದಾಟಿದಳು. ಆಫೀಸಿನ ಜೆರಾಕ್ಸ್ ಯಂತ್ರ ಕೆಟ್ಟು ವಾರವಾಗಿತ್ತು. ಹತ್ತಿರದಲ್ಲಿ ಬೇರೆ ಅಂಗಡಿ ಇರಲಿಲ್ಲ.

“ಕೂತ್ಕೊಳ್ಳಿ ಅಕ್ಕ” ಎಂದು ಅವನು ಸ್ಟೂಲು ಬಿಟ್ಟೆದ್ದ. ಕಾಗದವನ್ನು ಯಂತ್ರದ ಗಾಜಿನ ಮೇಲೆ ಇಡುವಾಗ ಓದಿದ. “ಅಯ್ಯೋ, ಹೀಗೂ ಆಗುತ್ತಾ! ಸದ್ಯ, ಆ ಹುಡುಗೀದು ಬಚಾವಾಯ್ತು. ನನ್ನದು ಬಿಡಿ, ಎಲ್ಲಾ ಸರಿಯಾಗಿ ಹೋಗಿಯೂ ಆಗ್ಲಿಲ್ಲ. ನನ್ನ ಯೋಗ್ಯತೆನೇ ಅಷ್ಟು.”

ಕುಲಸಚಿವರ ಮುಂದೆ ಆದ ಭಯ ಇದರ ಮುಂದೆ ಏನೇನೂ ಅಲ್ಲ. ಸೀಲಕ್ಕ ಕೂರಲಿಲ್ಲ.

“ನಿನ್ನ ಯೋಗ್ಯತೆಗೆ ಏನೂ ಕಮ್ಮಿ ಇರ್ಲಿಲ್ಲಪ್ಪ. ನಿನ್ನ ಪತ್ರಾನೂ ನನ್ನ ಮೇಜಿನ ಮೇಲೇ ಉಳ್ಕೊಂಡಿತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಲಕೋಟೆ ಹಾಗೇ ಕಳ್ಸಿದೆ.”

ಯಂತ್ರ ಎರಡು ಪ್ರತಿ ಉಗುಳಿ ನಿಂತಿತು. ಅವನು ಅವನ್ನು ತೆಗೆದು ಅವಳ ಕೈಗಿಟ್ಟ.

“ಆವತ್ತೇ ಯಾಕೆ ಹೇಳ್ಲಿಲ್ಲ?”

“ಹೆದರಿಕೆ ಆಯ್ತಪ್ಪ.”

ಅವನು ಸ್ಟೂಲನ್ನು ತನ್ನ ಕಡೆಗೆ ಎಳೆದುಕೊಂಡು ಕೂತ. ಸೀಲಕ್ಕ ಪ್ರತಿಗಳನ್ನು ಹಿಡಿದು ನಿಂತೇ ಇದ್ದಳು.