ಮೋಟಾರ್ ಸೈಕಲ್ಲಿಗೆ ಹರಳೆಣ್ಣೆ

ಮೊನ್ನೆ ಭಾನುವಾರ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಮೆಲ್ಲಗೆ ಮೆಟ್ಟಿಲಿಳಿದು ಬಂದಳು. "ಆಂಟಿ, ನನ್ನ ಸ್ಕೂಟರ್ ಮೆಟ್ಟಿಲ ಕೆಳಗೆ ಇಟ್ಟು ಹೋಗ್ಲಾ? ವಾಪಸ್ ಬರೋಕೆ ಎಷ್ಟೋ ತಿಂಗಳಾಗುತ್ತೆ" ಎಂದಳು. ತುಂಬು ಬಸುರಿ, ಬಾಣಂತನಕ್ಕೆ ದಾವಣಗೆರೆಯ ತವರಿಗೆ ಹೊರಟಿದ್ದಾಳೆ. ಹಿಂದೆಯೇ ಬಂದ ಗಂಡ, "ಮಾರ್ಬಿಡೋಣ ಅಂದ್ರೆ ಕೇಳ್ತಿಲ್ಲ ಆಂಟಿ. ಮಗು ಆದ್ಮೇಲೆ ಇವಳೆಲ್ಲಿ ಗಾಡಿ ಓಡಿಸ್ತಾಳೆ? ನೀವೇ ಹೇಳಿ" ಎಂದು ನನ್ನನ್ನು ಸಾಕ್ಷಿಗೆ ಕರೆದ. ನಾನೂ, ಸುಳ್ಳೇಕೆ ಹೇಳಲಿ, "ಅದೂ ನಿಜಾನೇ ಕಣಮ್ಮ" ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಟ್ಯಾಂಕಿನ ಮುಚ್ಚಳ ತಿರುಗಿಸಿ ಒಳಗೆ ಇಣುಕಿದಳು. ಪೆಟ್ರೋಲಿನ ವಾಸನೆ ಘಮ್ಮೆಂದು ಬಂತು. ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು.

ನೀವು ಪೆಟ್ರೋಲನ್ನು ಮೂಸಿ ಬಲ್ಲಿರಿ. ನಾನು ಕುಡಿದು ಬಲ್ಲೆ. ನಗಬೇಡಿ, ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ನಾನಾಗ ಪಿಯುಸಿ ಓದುತ್ತಿದ್ದೆ. ರಾಜಾಜಿನಗರದ ನಮ್ಮ ಪುಟ್ಟ ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು, ಇಷ್ಟೇ ಜನ. ಐದನೆಯದು ಅಪ್ಪನ ಮೋಟಾರ್ ಸೈಕಲ್ಲು. ಮೈಸೂರಿನಲ್ಲಿ ತಯಾರಾದದ್ದು, ಕಡುಗೆಂಪು ಬಣ್ಣ, ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಕೋಲೂ ಗೇರು ಹಾಕುವ ಕೋಲೂ ಅದರಲ್ಲಿ ಒಂದೇ, ಅದೂ ಎಡಗಾಲಿನ ಕಡೆ. ಈ ಎಡಗಾಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅಪ್ಪ ಬಿನ್ನಿಪೇಟೆಯ ಕಡೆ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಆ ಗಾಡಿಯ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ಅಮ್ಮ ಕಾಫಿಗೆ ಹಾಲಿಡುತ್ತಿದ್ದಳು. ಗಾಡಿಯನ್ನು ಅಪ್ಪ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಆಯುಧಪೂಜೆಯ ದಿನ ವಿಭೂತಿ ಹಚ್ಚುವುದಕ್ಕೂ ಅವರದೇ ಕೈ ಬೇಕು.

ಒಂದು ದಿನ ಕೆಂಗೇರಿಯ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಎಮ್ಮೆಗೆ ಏನೂ ಆಗಲಿಲ್ಲ, ಗಾಡಿಗೂ ಅಷ್ಟೇನೂ ಆಗಲಿಲ್ಲ. ಅಪ್ಪನ ಎಡಗಾಲು ಮಾತ್ರ ಮಂಡಿಯ ಕೆಳಗೆ ಮುರಿಯಿತು. ಡಾಕ್ಟರು ತೊಡೆಯವರೆಗೆ ಪ್ಲಾಸ್ಟರ್ ಹಾಕಿ, "ಮೂಳೆ ಕೂಡುತ್ತೆ. ಮೊದಲಿನ ಶಕ್ತಿ ಬರುತ್ತೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ. ಒಂದು ವರ್ಷ ಗಾಡಿ ಸುದ್ದಿಗೆ ಹೋಗ್ಬೇಡಿ" ಎಂದರು. ಮನೆಗೆ ಬಂದ ಅಪ್ಪ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವರು, ಹೂಂ ಮತ್ತು ಊಹೂಂ ಬಿಟ್ಟು ಬೇರೆ ಮಾತನ್ನೇ ಮರೆತರು.

ನೋಡಲು ಬಂದ ನನ್ನ ಸೋದರಮಾವ ಒಳ್ಳೆಯವನೇ, ಆದರೆ ಬಾಯಿಗೆ ಬೀಗವಿಲ್ಲ. "ಭಾವ, ಗಾಡಿ ನಿಂತ್ರೆ ತುಕ್ಕು ತಿನ್ನುತ್ತೆ. ಬಾಪೂಜಿ ನಗರದಲ್ಲಿ ಒಬ್ರು ಕೇಳ್ತಾ ಇದಾರೆ. ಕೊಟ್ಬಿಡೋಣ" ಎಂದ. ಅಪ್ಪ ಸಿಡಿದು ಬೀಳುತ್ತಾರೆಂದು ನಾವು ಕಾದೆವು. "ನಿನ್ನಿಷ್ಟ ಕಣಪ್ಪ" ಎಂದರು, ಗೋಡೆಯ ಕಡೆಗೇ.

ಅಮ್ಮನಿಗೆ ಹೆದರಿಕೆಯಾದದ್ದು ಆಗ. ತಮ್ಮನನ್ನು ಅಡುಗೆಮನೆಗೆ ದರದರ ಎಳೆದುಕೊಂಡು ಹೋದಳು. "ಲೋ, ಗಾಡಿ ಈ ಮನೆ ಗೇಟು ದಾಟಿದ್ರೆ ಇವರು ಮಂಚ ಬಿಟ್ಟು ಏಳಲ್ಲ ಕಣೋ. ಕಾಲು ಕೂಡಿದ್ರೂ ಏಳಲ್ಲ. ಆಮೇಲೆ ಏನ್ ಮಾಡ್ಲಿ ನಾನು?" ಎಂದು ಪಿಸುಗುಟ್ಟಿ ಕಣ್ಣೊರೆಸಿಕೊಂಡಳು. ಹೊರಗೆ ಬಂದವಳ ದನಿ ಮಾತ್ರ ಬೀದಿಗೆಲ್ಲ ಕೇಳುವಂತಿತ್ತು. "ಗಾಡಿ ಮಾರಲ್ಲ! ಎತ್ತಿಡ್ತೀವಿ. ನೀವು ಎದ್ದ ದಿನ ಓಡ್ಸೋ ಹಾಗೆ ಎತ್ತಿಡ್ತೀವಿ. ಹೇಗೆ ಅಂತ ಹೇಳಿ."

"ನಿಂಗೇನ್ ಗೊತ್ತಾಗುತ್ತೆ ಅದೆಲ್ಲ?"

"ಗೊತ್ತಿಲ್ಲ, ಅದಕ್ಕೇ ಕೇಳ್ತಿರೋದು."

ಭಾನುವಾರ ಬೆಳಿಗ್ಗೆ ಅಪ್ಪನ ಮಂಚವನ್ನು ಎತ್ತಿ ತಂದು ವರಾಂಡದಲ್ಲಿ ಹಾಕಿದೆವು. ಆ ದಿನದ ಸಡಗರ ಏನು ಹೇಳಲಿ! ಹಬ್ಬದ ದಿನವೂ ನಮ್ಮ ಮನೆಯಲ್ಲಿ ಅಷ್ಟು ಗಲಾಟೆ ಆಗಿರಲಿಲ್ಲ. ಅಮ್ಮ ಸೀರೆಯ ಸೆರಗು ಸಿಕ್ಕಿಸಿ ನಿಂತಳು. ನಾನು ಅಪ್ಪನ ಹಳೆಯ ಷರಟು ಹಾಕಿಕೊಂಡು ದೊಡ್ಡ ಮೆಕ್ಯಾನಿಕ್ಕಿನ ಗತ್ತಿನಲ್ಲಿ ಸ್ಪ್ಯಾನರ್ ಹಿಡಿದೆ. ಮೊದಲು ಟ್ಯಾಂಕಿನ ಪೆಟ್ರೋಲು ಖಾಲಿ ಮಾಡಬೇಕೆಂದರು ಅಪ್ಪ. ನಾನು ಬುದ್ಧಿವಂತೆ ತಾನೇ? ಒಂದು ರಬ್ಬರ್ ಪೈಪು ಇಳಿಬಿಟ್ಟು ಬಾಯಿಂದ ಎಳೆದೆ. ಎಳೆದದ್ದು ನೇರ ಗಂಟಲಿಗಿಳಿಯಿತು. "ಅಯ್ಯೋ ಪೆದ್ದೇ, ಟ್ಯಾಂಕಿನ ಕೆಳಗೇ ನಲ್ಲಿ ಇದೆಯಲ್ಲೇ!" ಎಂದು ಅಪ್ಪ ಕೂಗಿದರು. ನನಗೆ ಕಣ್ಣಲ್ಲಿ ನೀರು, ಮೂಗಲ್ಲಿ ಪೆಟ್ರೋಲು. ಆದರೂ ಅಮ್ಮ ನನ್ನ ಬೆನ್ನು ತಟ್ಟುತ್ತ, "ನೋಡ್ದೇನೇ, ಕೂಗಿದ್ರು!" ಎಂದು ಹಿಗ್ಗಿಹೋದಳು. ಎರಡು ದಿನ ತೇಗಿದಾಗಲೆಲ್ಲ ಪೆಟ್ರೋಲು ಬರುತ್ತಿತ್ತು. ದೀಪ ಹಚ್ಚುವ ಕೆಲಸದಿಂದ ಅಜ್ಜಿ ನನಗೆ ರಜಾ ಕೊಟ್ಟಿದ್ದಳು.

ಆಮೇಲೆ ಅಮ್ಮನಿಗೆ ಉಪಾಯ ಸಿಕ್ಕಿತು. ಬೇಕೆಂದೇ ಎಲ್ಲವನ್ನೂ ತಪ್ಪು ಮಾಡತೊಡಗಿದಳು. ಚೈನಿಗೆ ಸೀಗೆಪುಡಿ ಹಾಕಲು ಹೊರಟಳು. ಬ್ಯಾಟರಿಯನ್ನು ತಲೆಕೆಳಗಾಗಿ ಹಿಡಿಯಲು ಹೋದಳು. "ಲೇ ಇವಳೇ, ಆ್ಯಸಿಡ್ ಕಣೇ ಅದು! ಕೇಬಲ್ ಎಳೀಬೇಡ! ಅಯ್ಯೋ ಶಿವನೇ, ಯಾರಾದ್ರೂ ನನ್ನ ಎತ್ತಿ ಅಲ್ಲಿ ಕೂರ್ಸ್ರೋ!" ಎಂದು ಅಪ್ಪ ಮಂಚದ ಮೇಲೆ ಎದ್ದೇ ಕುಳಿತರು. ಅಷ್ಟು ದಿನ ಅವರನ್ನು ಎಬ್ಬಿಸಿ ಕೂರಿಸಲು ಇಬ್ಬರು ಬೇಕಾಗುತ್ತಿದ್ದರು.

ಅಜ್ಜಿಯ ಶಾಸ್ತ್ರವೇ ಬೇರೆ. ತುಮಕೂರು ಸೀಮೆಯ ಮಣ್ಣಿನ ಮನೆಯಲ್ಲಿ ಬಾಳಿದವಳು. ತೊಗರಿಗೆ ಕೆಮ್ಮಣ್ಣು, ಅವರೆಗೆ ಬೂದಿ, ಹುಣಸೆಗೆ ಉಪ್ಪು, ಹೀಗೆ ಯಾವುದನ್ನು ಹೇಗೆ ವರ್ಷಗಟ್ಟಲೆ ಇಡಬೇಕೆಂಬುದು ಅವಳ ಬೆರಳ ತುದಿಯಲ್ಲಿತ್ತು. ಮೋಟಾರ್ ಸೈಕಲ್ಲು ಏನು ಮಹಾ? ಸೀಟಿನ ಕೆಳಗೆ ಬೇವಿನ ಸೊಪ್ಪು ತುರುಕಿದಳು. ಇಲಿ ಹೋಗದಂತೆ ಸೈಲೆನ್ಸರಿನ ಬಾಯಿಗೆ ಹಳೇ ಬಟ್ಟೆ ಬಿಗಿದಳು. ಅದಕ್ಕೆ ಅಪ್ಪನೂ ಭೇಷ್ ಎಂದರು. ಕೊನೆಗೆ ಪ್ಲಗ್ಗು ಬಿಚ್ಚಿದೆ. "ಆ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮೆಲ್ಲಗೆ ಕಿಕ್ ಒತ್ತಿ, ಒಳಗೆ ತುಕ್ಕು ಹಿಡಿಯಲ್ಲ" ಎಂದರು ಅಪ್ಪ. ಎಂಜಿನ್ ಆಯಿಲ್ ಡಬ್ಬಿ ಹುಡುಕಲು ನಾನು ಒಳಗೆ ಓಡಿದೆ. ಬರುವಷ್ಟರಲ್ಲಿ ಅಜ್ಜಿ ತನ್ನ ಹರಳೆಣ್ಣೆಯ ಗಿಂಡಿ ಬಗ್ಗಿಸಿ ಆಗಿತ್ತು. "ಅದೇನು ಒಂದು ಚಮಚ, ಜಿಪುಣನ ಹಾಗೆ? ಕುಡೀಲಿ ಬಿಡು" ಎಂದಳು. ಅಜ್ಜಿಯ ಬೆನ್ನು ಅಡ್ಡವಾಗಿ ಅಪ್ಪನಿಗೆ ಗಿಂಡಿ ಕಾಣಲಿಲ್ಲ. ಎಣ್ಣೆ ಎಂದರೆ ಎಣ್ಣೆ ಎಂದುಕೊಂಡು ನಾನೂ ಅಮ್ಮನೂ ಸುಮ್ಮನಾದೆವು. ಕೆಳಗೆ ಇಟ್ಟಿಗೆ ಕೊಟ್ಟು, ಮೇಲೆ ಹಳೆಯ ಜಮಖಾನ ಹೊದಿಸಿ, ಕರ್ಪೂರ ಬೆಳಗಿದೆವು. ಅಂದು ರಾತ್ರಿ ಅಪ್ಪ ಗೋಡೆಯ ಕಡೆಯಲ್ಲ, ಗಾಡಿಯ ಕಡೆ ಮುಖ ಮಾಡಿ ಮಲಗಿದರು.

ಪ್ಲಾಸ್ಟರ್ ಹೋಯಿತು, ಊರುಗೋಲು ಬಂತು, ಊರುಗೋಲೂ ಹೋಯಿತು. ವರ್ಷ ಕಳೆದ ಮೇಲೆ ಡಾಕ್ಟರು, "ಪ್ರಯತ್ನ ಮಾಡಿ ನೋಡಿ" ಎಂದರು. ಜಮಖಾನ ಸರಿಸಿದಾಗ ಗಾಡಿ ಮದುಮಗನ ಹಾಗೆ ಹೊಳೆಯಿತು. ಪೆಟ್ರೋಲು ಹಾಕಿದ್ದಾಯಿತು. ಅಪ್ಪ ಹತ್ತಿ ಕುಳಿತು ಎಡಗಾಲನ್ನು ಕಿಕ್ ಕೋಲಿನ ಮೇಲಿಟ್ಟು ಒತ್ತಿದರು. ಅಲುಗಲಿಲ್ಲ. ಹಲ್ಲು ಕಚ್ಚಿ ಒತ್ತಿದರು. ಊಹೂಂ. ಅವರ ಹಣೆಯ ಮೇಲೆ ಬೆವರು ಮೂಡಿತು.

"ಕಾಲಲ್ಲಿ ಜೀವ ಇಲ್ಲ ಕಣೇ" ಎಂದರು ಅಪ್ಪ, ತುಂಬಾ ಸಣ್ಣ ದನಿಯಲ್ಲಿ. "ನಿನ್ನ ತಮ್ಮನಿಗೆ ಹೇಳ್ಬಿಡು, ಆ ಬಾಪೂಜಿ ನಗರದವರಿಗೆ..."

"ಇಳೀರಿ" ಎಂದಳು ಅಮ್ಮ.

ಅಪ್ಪ ಇಳಿದರು. ಅಮ್ಮ ಸೀರೆ ಎತ್ತಿಕಟ್ಟಿ ಕೋಲಿನ ಮೇಲೆ ಕಾಲಿಟ್ಟು ಒತ್ತಿದಳು. ಅಲುಗಲಿಲ್ಲ. ಹ್ಯಾಂಡಲ್ ಹಿಡಿದು ಎರಡೂ ಕಾಲಲ್ಲಿ ಅದರ ಮೇಲೆ ಹತ್ತಿಯೇ ನಿಂತಳು. ಅಮ್ಮ ಸಣ್ಣ ಹೆಂಗಸಲ್ಲ, ಆದರೂ ಅದು ಕದಲಲಿಲ್ಲ. ಅಲ್ಲೇ ತೂಗಾಡುತ್ತ ಜೋರಾಗಿ ಕೂಗಿದಳು: "ರೀ! ನಂಗೂ ಬರ್ತಿಲ್ಲ ರೀ! ನಂಗೂ ಬರ್ತಿಲ್ಲ!"

"ಅದಕ್ಕೆ ಇಷ್ಟ್ಯಾಕೆ ಕುಣೀತೀಯ?"

"ನನ್ನ ಎರಡು ಕಾಲೂ ನೆಟ್ಟಗಿದೆಯಲ್ರೀ!"

ಅಪ್ಪನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನಂತರ ಅವರು ಪ್ಲಗ್ಗು ಬಿಚ್ಚಿದ ವೇಗ ನೀವು ನೋಡಬೇಕಿತ್ತು. ತೂತಿಗೆ ಮೂಗಿಟ್ಟು ಮೂಸಿದರು. "ಇದೇನಿದು, ಬಾಣಂತಿ ಕೋಣೆ ವಾಸನೆ? ಅವ್ವಾ, ಏನು ಹುಯ್ದೆ ಇದಕ್ಕೆ?"

"ಹರಳೆಣ್ಣೆ ಕಣಪ್ಪ. ಯಾಕೆ, ಕಮ್ಮಿ ಆಯ್ತಾ?"

ವರ್ಷವಿಡೀ ಒಳಗೆ ಕುಳಿತ ಹರಳೆಣ್ಣೆ ಅಂಟಾಗಿ ಎಂಜಿನ್ನನ್ನೇ ಕಚ್ಚಿ ಹಿಡಿದಿತ್ತು. ಗಾಡಿ ಕೆಟ್ಟಿದೆ ಎಂದು ಅಷ್ಟು ಸಂತೋಷಪಟ್ಟ ಮನೆ ಇಡೀ ಬೆಂಗಳೂರಿನಲ್ಲಿ ಇನ್ನೊಂದಿರಲಿಕ್ಕಿಲ್ಲ. ಅಮ್ಮ ಅಳುತ್ತಿದ್ದಳು, ನಗುತ್ತಿದ್ದಳು. ಯಾಕೆ ಎಂದು ತಿಳಿಯದಿದ್ದರೂ ಅಜ್ಜಿಯೂ ನಗುತ್ತಿದ್ದಳು. ಅಪ್ಪ ತೂತಿನಲ್ಲಿ ಸೀಮೆಎಣ್ಣೆ ಬಿಟ್ಟರು. ಮರುದಿನ ಗೇರು ಹಾಕಿ, ನಾನೂ ಅಮ್ಮನೂ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ತಳ್ಳಿ ಸಡಿಲ ಮಾಡಿದೆವು. ಅಪ್ಪ ಎಡಗಾಲು ಊರಿ ಒಂದು ಕಿಕ್ ಕೊಟ್ಟರು, ಇನ್ನೊಂದು ಕೊಟ್ಟರು. ಗಾಡಿ ಕೆಮ್ಮಿತು, ಸೀನಿತು, ಹೊತ್ತಿಕೊಂಡಿತು! ಬೀದಿಯ ತುಂಬ ಹರಳೆಣ್ಣೆಯ ಹೊಗೆ. ಎದುರು ಮನೆಯವರು ಮೂಗು ಮುಚ್ಚಿಕೊಂಡು ಹೊರಗೆ ಬಂದು ಚಪ್ಪಾಳೆ ತಟ್ಟಿದರು. "ಕೆಂಗೇರಿ ಎಮ್ಮೆಗೆ ಒಂದು ಸಲ ಮುಖ ತೋರಿಸ್ಕೊಂಡು ಬರೋಣ ಬಾರೇ" ಎಂದು ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟರು. ನಡೆಯುವಾಗ ಕಡೆಯವರೆಗೂ ಕುಂಟುತ್ತಿದ್ದರು. ಗಾಡಿಯ ಮೇಲೆ ಕೂತರೆ ಅದು ಯಾರಿಗೂ ಕಾಣುತ್ತಿರಲಿಲ್ಲ.

ಇದಿಷ್ಟನ್ನೂ ಮೊನ್ನೆ ಮೆಟ್ಟಿಲ ಕೆಳಗೆ ನಿಂತುಕೊಂಡೇ ಆ ದಂಪತಿಗಳಿಗೆ ಹೇಳಿದೆ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹುಡುಗ ನಗಲಿಲ್ಲ. ಹೆಂಡತಿಯ ಮುಖ ನೋಡಿ, "ಆಂಟಿ, ಬ್ಯಾಟರಿ ಯಾವ ಕಡೆ ಇರುತ್ತೆ?" ಎಂದು ಬಗ್ಗಿ ಕುಳಿತ.

ಅವಳು ಕೀ ತೆಗೆದು ನನ್ನ ಕಡೆ ಚಾಚಿದಳು. "ಇದು ನಿಮ್ಮ ಹತ್ರ ಇರ್ಲಿ ಆಂಟಿ."

"ನನ್ನ ಹತ್ರ ಯಾಕಮ್ಮ?" ಎಂದೆ. "ಗಾಡಿ ಇಲ್ಲಿರ್ಲಿ. ಕೀ ನೀನೇ ತಗೊಂಡು ಹೋಗು, ದಾವಣಗೆರೆಗೆ."