ವಾಲ್ವಕ್ಕನ ಇಪ್ಪತ್ಮೂರು

ನೀರು ಸರಬರಾಜು ಕಚೇರಿಯಲ್ಲಿ ಎಲ್ಲರೂ ಅವರನ್ನು ವಾಲ್ವಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಹಂಗಾಮಿ ಕೆಲಸ. ಅವರ ಅಪ್ಪ ಇಲ್ಲಿಯೇ ವಾಲ್ವ್‌ಮನ್ ಆಗಿದ್ದವರು. ನೆಲದಡಿ ಯಾವ ವಾಲ್ವ್ ಎಲ್ಲಿದೆ ಎಂಬುದು ಅವರ ಕಾಲಿಗೆ ಗೊತ್ತಿತ್ತು. ‘ಬೇಕರಿ ಗೋಡೆಯಿಂದ ಆರು ಹೆಜ್ಜೆ’ ಎಂದು ಅವರು ಹೇಳಿದರೆ, ಅಕ್ಕ ಅದನ್ನು ಮೀಟರಿಗೆ ತಂದು ಕಂಪ್ಯೂಟರಿನ ನಕ್ಷೆಗೆ ಸೇರಿಸುತ್ತಿದ್ದರು. ಅಪ್ಪನ ಒಂದು ಹೆಜ್ಜೆ ಎಪ್ಪತ್ತೆಂಟು ಸೆಂಟಿಮೀಟರ್. ಹತ್ತು ಸಲ ನಡೆಸಿ ಸರಾಸರಿ ತೆಗೆದವನು ನಾನು, ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವನು.

ಸೋಮವಾರ ಮಾರುಕಟ್ಟೆ ರಸ್ತೆಗೆ ಡಾಂಬರು ಹಾಕುವವರಿದ್ದರು. ನಕ್ಷೆಯಲ್ಲಿರುವ ವಾಲ್ವ್‌ಗಳ ಮುಚ್ಚಳ ಮಾತ್ರ ಎತ್ತರಿಸುತ್ತಾರೆ, ಉಳಿದವು ಹೂತುಹೋಗುತ್ತವೆ. ನಕ್ಷೆಗೆ ಸೇರಿಸಲು ಅಕ್ಕನ ಬಳಿ ಇನ್ನೂ ಇಪ್ಪತ್ಮೂರು ಬಾಕಿ ಇದ್ದವು.

ಗುರುವಾರ ಕೇಂದ್ರ ಕಚೇರಿಯ ಹೊಸ ನಿಯಮ ಬಂತು. ಕಚೇರಿಯ ಕಂಪ್ಯೂಟರುಗಳಿಗೆ ನಕ್ಷೆ ವಿಭಾಗದವರು ಲಾಗಿನ್ ಆಗಬಹುದು, ಹಂಗಾಮಿಯವರು ಆಗಕೂಡದು. ಅಕ್ಕನ ಹೆಸರು ಎರಡು ಪಟ್ಟಿಯಲ್ಲೂ ಇತ್ತು.

“ಒಂದ್ಕಡೆ ಬಾ ಅಂತೀರಿ, ಇನ್ನೊಂದ್ಕಡೆ ಬರಬೇಡ ಅಂತೀರಿ. ನಿನ್ನ ಯಂತ್ರ ಯಾವುದನ್ನ ಕೇಳುತ್ತೋ ಮಾರಾಯ?”

“ಬೇಡ ಅನ್ನೋದನ್ನೇ ಅಕ್ಕ. ಎರಡೂ ಇದ್ರೆ ಬೇಡವೇ ಗೆಲ್ಲುತ್ತೆ.”

“ಥೇಟ್ ನಮ್ಮತ್ತೆ!” ಎಂದು ನಕ್ಕರು. ಆಮೇಲೆ ನಗಲಿಲ್ಲ.

ನಕ್ಷೆ ತೆರೆಯುವ ಅನುಮತಿ ನನಗಿಲ್ಲ. ವಿಭಾಗದ ಇನ್ನೊಬ್ಬ ಗುಮಾಸ್ತೆ ಹೆರಿಗೆ ರಜೆಯಲ್ಲಿದ್ದರು. ಅಕ್ಕ ಬಾಕಿ ವಾಲ್ವ್‌ಗಳನ್ನು ಬರೆದು ಒಯ್ದ ಕಾಗದದ ಪಟ್ಟಿಯನ್ನು ಸಾಹೇಬರು ತಿರುಗಿಸಿಯೂ ನೋಡಲಿಲ್ಲ. “ಮೇಲಿಂದ ಬಂದಿದ್ದಮ್ಮಾ, ನನ್ನ ಕೈಲೇನಿದೆ?”

ಶುಕ್ರವಾರ ಮಧ್ಯಾಹ್ನ, ಯಾರನ್ನೂ ಕೇಳದೆ, ಅಕ್ಕನ ಕಂಪ್ಯೂಟರಿನಲ್ಲಿ ಮಾತ್ರ ಆ ನಿಷೇಧ ತೆಗೆದೆ. ತೊಂಬತ್ತು ನಿಮಿಷಕ್ಕೊಮ್ಮೆ ಕೇಂದ್ರದ ನಿಯಮ ತಾನಾಗಿಯೇ ಮರಳಿ ಬಂದು ಕೂರುತ್ತದೆ. ಒಳಗಿದ್ದವರನ್ನು ಅದು ಹೊರಗೆ ದಬ್ಬುವುದಿಲ್ಲ. ಆದರೆ ಹತ್ತು ನಿಮಿಷ ಮುಟ್ಟದಿದ್ದರೆ ಪರದೆಗೆ ಬೀಗ ಬೀಳುತ್ತದೆ, ಆಮೇಲೆ ಮತ್ತೆ ಒಳಗೆ ಬಿಡುವುದಿಲ್ಲ.

“ಏನೇ ಆಗ್ಲಿ, ಕುರ್ಚಿ ಬಿಟ್ಟು ಏಳಬೇಡಿ ಅಕ್ಕ.”

ನಾಲ್ಕು ಗಂಟೆಗೆ ಒಂಬತ್ತು ಮುಗಿದಿದ್ದವು. ಆಗ ಸಾಹೇಬರ ಮೇಜಿನ ಫೋನು ಬಡಿದುಕೊಂಡಿತು. ದಿನವೂ ಅದೇ ಹೊತ್ತಿಗೆ, ಅಪ್ಪ. ಅಕ್ಕ ಎದ್ದು ಹೋಗಿ ಎತ್ತಿದರು.

“ಎಷ್ಟಾಯ್ತು?”

“ಒಂಬತ್ತಪ್ಪಾ. ಇಡ್ತೀನಿ.”

“ತಾಳು ತಾಳು. ದರ್ಜಿ ಅಂಗಡೀದು ಏಳಲ್ಲ, ಎಂಟು ಹೆಜ್ಜೆ. ಅದರ ಪಕ್ಕದ್ದೂ ತಪ್ಪು ಹೇಳಿದ್ದೆ, ಬರ್ಕೊ...”

ಅಪ್ಪನ ತಿದ್ದುಪಡಿಯನ್ನು ಅರ್ಧಕ್ಕೆ ನಿಲ್ಲಿಸುವುದು ಅಕ್ಕನಿಂದಾಗಲಿಲ್ಲ. ನನಗೆ ಆ ಕಂಪ್ಯೂಟರಿನ ಮೌಸ್ ಅಲುಗಾಡಿಸಬೇಕೆಂದು ಹೊಳೆಯಲೂ ಇಲ್ಲ. ನಾನೂ ಅವರ ಪಕ್ಕದಲ್ಲೇ ಹೆಜ್ಜೆಗಳನ್ನು ಎಣಿಸುತ್ತ ನಿಂತಿದ್ದೆ. ಬರೆದುಕೊಂಡು ಅವರು ಬರುವಷ್ಟರಲ್ಲಿ ಹನ್ನೆರಡು ನಿಮಿಷವಾಗಿತ್ತು. ಪರದೆಯ ಮೇಲೆ ಒಂದೇ ಸಾಲು: ನಿಮಗೆ ಅನುಮತಿ ಇಲ್ಲ.

ಮತ್ತೆ ನಿಷೇಧ ತೆಗೆಯಲು ಹೋದೆ. ಅಷ್ಟರಲ್ಲಿ ಕೇಂದ್ರದವರು ಅದನ್ನು ಕಂಡುಹಿಡಿದು ನನ್ನ ಅಧಿಕಾರವನ್ನೂ ಕಿತ್ತುಕೊಂಡಿದ್ದರು.

ಸೋಮವಾರ ಅಕ್ಕ ಉಳಿದ ಹದಿನಾಲ್ಕರ ಪಟ್ಟಿ ಹಿಡಿದು ರೋಲರಿನ ಮುಂದೆ ನಿಂತರು. ಚಾಲಕ ಸಭ್ಯ ಮನುಷ್ಯ. ಇಳಿದು ಬಂದು ತನ್ನ ನಕ್ಷೆ ಬಿಡಿಸಿ ತೋರಿಸಿದ. “ಇದ್ರಲ್ಲಿಲ್ಲಕ್ಕ. ಇದ್ದಿದ್ರೆ ನಾನ್ಯಾಕೆ ಬೇಡ ಅಂತಿದ್ದೆ?”

ದರ್ಜಿ ಅಂಗಡಿಯಿಂದ ಎಂಟು ಹೆಜ್ಜೆಯ ಮೇಲೆ ರೋಲರ್ ಎರಡು ಸಲ ಹೋಗಿ ಬಂತು.

ನಾಲ್ಕಕ್ಕೆ ಫೋನು. ಅಕ್ಕನೇ ಎತ್ತಿದರು.

“ಎಷ್ಟಾಯ್ತಮ್ಮಾ?”

“ಎಲ್ಲಾ ಮುಗೀತಪ್ಪಾ.”

“ಶಭಾಷ್!” ಎಂದದ್ದು ನನ್ನ ಮೇಜಿನವರೆಗೂ ಕೇಳಿಸಿತು.